ಕಾರ್ಡಿಗೆ ಸೇರದ ಹಲ್ಲು

ಬಟ್ಟೆ ಗಿರಣಿಯಲ್ಲಿ ಮಾತು ಕಿವಿಯ ಕೆಲಸವಲ್ಲ, ಕಣ್ಣಿನ ಕೆಲಸ. ಅಷ್ಟೂ ಮಗ್ಗಗಳು ಒಟ್ಟಿಗೆ ಬಡಿಯುವಾಗ ಅರಚಿದರೂ ಪಕ್ಕದವರಿಗೆ ಕೇಳುವುದಿಲ್ಲ. ಹರಟೆ, ಜಗಳ ಎಲ್ಲ ತುಟಿ ನೋಡಿಯೇ ನಡೆಯಬೇಕು. ಮಗ್ಗದಜ್ಜ ಪ್ರಾಯದಲ್ಲಿ, ಎದುರು ಸಾಲಿನ ಹುಡುಗಿಯೊಬ್ಬಳು ಮೇಸ್ತ್ರಿಯನ್ನು ಬೈಯುವುದನ್ನು ಹಾಗೆ ನೋಡಿಯೇ ಮನಸೋತು ಮದುವೆಯಾದವನು. ಅವಳ ದನಿ ಹೇಗಿದೆಯೆಂದು ತಿಳಿದದ್ದು ಆಮೇಲೆ.

ಆ ದನಿ ಕಳೆದುಹೋಗಿ ಎಷ್ಟೋ ವರ್ಷವಾಗಿತ್ತು. ಮಗ್ಗ ಅವನ ಕಿವಿಯನ್ನು ಪೂರ್ತಿ ತಿಂದಿತ್ತು. ಯಂತ್ರ ಹಾಕಿದರೂ ಪ್ರಯೋಜನವಿಲ್ಲವೆಂದು ಡಾಕ್ಟರು ಹೇಳಿದ್ದನ್ನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಎದುರು ಕೂತರೆ ಹೆಂಡತಿಯ ಒಂದು ಮಾತೂ ತಪ್ಪುತ್ತಿರಲಿಲ್ಲ. ಬೆನ್ನ ಹಿಂದಿನಿಂದ ಕರೆದರೆ ಮಾತ್ರ ತಿರುಗುತ್ತಿರಲಿಲ್ಲ. ಇದೆಲ್ಲ ಜಾಣಗಿವುಡೆಂದು ಅವಳು ಗೊಣಗುತ್ತಿದ್ದಳು.

ಮಳೆಗಾಲದ ಕೊನೆಗೆ ಅವಳ ದವಡೆ ಕೀವು ತುಂಬಿ ಊದಿತು. ಹಿರಿಯರಿಗೆಂದು ಸರ್ಕಾರ ಕೊಟ್ಟ ಆರೋಗ್ಯ ವಿಮೆಯ ಕಾರ್ಡು ತೋರಿಸಿ ಆಸ್ಪತ್ರೆಗೆ ಸೇರಿಸಿದ. ಹಾಸಿಗೆ, ಆಪರೇಷನ್, ಔಷಧಿ, ಯಾವುದಕ್ಕೂ ಬಿಡಿಗಾಸು ಬಿಚ್ಚಬೇಕಾಗಲಿಲ್ಲ. ಉಳಿದಿದ್ದ ಹಲ್ಲೆಲ್ಲ ಹೋದವು. ಕಿತ್ತವರೇ ಕಟ್ಟಿಕೊಡುತ್ತಾರೆಂದು ಇಬ್ಬರೂ ನಿಶ್ಚಿಂತೆಯಿಂದ ಮನೆಗೆ ಬಂದರು.

ಬಂದ ಮೇಲೆ ಅಜ್ಜನಿಗೆ ದಿಗಿಲಾಯಿತು. ಅವಳ ತುಟಿಗಳು ಒಳಕ್ಕೆ ಮಡಚಿಕೊಂಡು ಎಲ್ಲ ಮಾತೂ ಒಂದೇ ಥರ ಕಾಣುತ್ತಿದ್ದವು. ಊಟದ ಹೊತ್ತಿಗೆ ಅವಳು ಏನೋ ಹೇಳಿ ನಗುವಳು. ಅವನು ಕೋಲೆಬಸವನಂತೆ ತಲೆಯಾಡಿಸಿ ತಾನೂ ನಗುವನು. ಪಕ್ಕದಲ್ಲೇ ಇರುವವಳಿಗಾಗಿ ಜೀವ ಹಂಬಲಿಸುತ್ತಿತ್ತು. ಅವಳ ಬೈಗುಳಕ್ಕೂ ಹಂಬಲಿಸುತ್ತಿತ್ತು.

ಗಾಯ ಮಾಗಿದ ಮೇಲೆ ಇಬ್ಬರೂ ಆಸ್ಪತ್ರೆಯ ವಿಮೆ ಕೌಂಟರಿಗೆ ಹೋದರು. ಕೌಂಟರಿನಾಕೆ ಬಿಡಿಸಿ ಹೇಳಿದಳು: ಆಸ್ಪತ್ರೆಗೆ ಸೇರಿ ಪಡೆದ ಚಿಕಿತ್ಸೆಯ ಖರ್ಚು ಕಾರ್ಡಿನದು, ಕಟ್ಟಿಸುವ ಹಲ್ಲು, ಕನ್ನಡಕ ಅದಕ್ಕೆ ಸೇರುವುದಿಲ್ಲ. ಹಲ್ಲಿನ ಸೆಟ್ಟಿಗೆ ಕೈಯಿಂದಲೇ ಹಾಕಬೇಕು, ಅವರ ನಾಲ್ಕು ತಿಂಗಳ ಪಿಂಚಣಿಯಷ್ಟಾದರೂ. ಹೆಂಡತಿ ಏನೋ ಅಂದು ಎದ್ದೇಬಿಟ್ಟಳು. ಏನೆಂದು ಅಜ್ಜ ಕೌಂಟರಿನಾಕೆಯನ್ನು ಕೇಳಿದ. ಮೆತ್ತಗೆ ಬೇಯಿಸಿಕೊಂಡರಾಯಿತು, ಈ ವಯಸ್ಸಿನಲ್ಲಿ ಹಲ್ಲು ಕಟ್ಟಿಸಿಕೊಂಡು ಯಾವ ಕಡಲೆ ಅಗಿಯಬೇಕು ಅನ್ನುತ್ತಿದ್ದಾರೆ ಎಂದು ಆಕೆ ನಕ್ಕಳು.

ಅಜ್ಜ ಕೂತಲ್ಲಿಂದ ಏಳಲಿಲ್ಲ.

"ಹಲ್ಲು ಅವಳಿಗಲ್ಲಮ್ಮ, ನನಗೆ ಬೇಕು," ಎಂದ.

ಆಕೆಗೆ ಅರ್ಥವಾಗಲಿಲ್ಲ. ಅವನು ತಲೆ ತಗ್ಗಿಸಿಕೊಂಡು ಗಿರಣಿಯಿಂದ ಹಿಡಿದು ಎಲ್ಲ ಹೇಳಿದ. ತಲೆಯೆತ್ತಿದಾಗ ಹೆಂಡತಿ ಎದುರಿಗೇ ಬಂದು ಕೂತಿದ್ದಳು. ಒಮ್ಮೆ ನಿಧಾನವಾಗಿ, ಮತ್ತೆ ಇನ್ನೂ ನಿಧಾನವಾಗಿ ಏನೋ ಕೇಳಿದಳು. ಅವನು ಕಣ್ಣು ಕಿರಿದು ಮಾಡಿ ನೋಡಿದ. ತಿಳಿಯಲಿಲ್ಲ. ಈ ಸಲ ತಲೆಯಾಡಿಸಲಿಲ್ಲ.

ಕೌಂಟರಿನಾಕೆಯೇ ತಿಳಿಸಬೇಕಾಯಿತು. "ಇಷ್ಟು ವರ್ಷ ನಾನು ಆಡಿದ್ದು ಒಂದೂ ಕೇಳಿಸ್ಲಿಲ್ವಾ ಅಂತ ಕೇಳ್ತಿದಾರೆ, ಅಜ್ಜ."

"ಎಲ್ಲಾ ಕಾಣಿಸ್ತಿತ್ತು ಕಣೇ," ಎಂದ ಅವನು, ಹೆಂಡತಿಯ ಬಾಯನ್ನೇ ನೋಡುತ್ತ. "ಈಗ ಕಾಣಿಸ್ತಿಲ್ಲ."

ಅವಳು ಅವನ ಕೈ ಹಿಡಿದುಕೊಂಡು ಮತ್ತೇನೋ ಹೇಳಿದಳು, ತುಸು ಉದ್ದಕ್ಕೇ. ಅವನು ಕೌಂಟರಿನಾಕೆಯ ಮುಖ ನೋಡಿದ. ಆಕೆ ಅದನ್ನು ತಿಳಿಸಲಿಲ್ಲ. ಹಲ್ಲು ಕಟ್ಟಿಸಿಕೊಂಡ ಮೇಲೆ ಅಜ್ಜಿ ತಾವೇ ಹೇಳುತ್ತಾರಂತೆ ಎಂದು, ಅಳತೆ ತೆಗೆಯುವ ಕೋಣೆಯ ದಾರಿ ತೋರಿಸಿದಳು.