ಪುಟ್ಟಯ್ಯನ ದೋಣಿಗೆ ಹಾಕಿದ ತೇಪೆ

ಭದ್ರಾವತಿಯ ಕಾಗದನಗರದ ಷಡಕ್ಷರಪ್ಪ ಹತ್ತೊಂಬತ್ತು ವರ್ಷ ಕಾಗದದ ಕಾರ್ಖಾನೆಯಲ್ಲಿ ಆಸಿಡ್ ತೊಟ್ಟಿಗಳ ಒಳಮೈಗೆ ಫೈಬರ್ ಹಾಸಿದವನು. ಕಾರ್ಖಾನೆಯ ಸದ್ದಡಗಿದ ಮೇಲೆ ಅದೇ ಕೈ ಫೈಬರ್ ದೋಣಿಗಳ ಕಡೆ ತಿರುಗಿತು. ಗಾಜನೂರಿನ ಹಿನ್ನೀರಿನಲ್ಲಿ ಮೀನು ಹಿಡಿಯುವವರಿಗೆಲ್ಲ ಅವನು ಗೊತ್ತು. ದೋಣಿ ಬೋರಲು ಹಾಕಿಸಿ, ಬೆರಳಿನಿಂದ ತಟ್ಟುತ್ತ ಸುತ್ತು ಬಂದು, ಎಲ್ಲಿ ಟೊಳ್ಳು ಎಂದು ಸದ್ದಿನಲ್ಲೇ ಹೇಳುತ್ತಿದ್ದ. ಅಂಟಿಗೆ ಯಾವ ರೆಸಿನ್, ಹಾಸಲು ಗಾಜಿನೆಳೆಯ ಯಾವ ಮ್ಯಾಟ್ ಎಂದು ಆರಿಸುವುದರಲ್ಲಿ ಮಾತ್ರ ಬಲು ಹಟ. "ಏನು ಹಚ್ಚಬೇಕು ಅಂತ ಅಂಗಡೀಲಿ ಕೇಳಬೇಡಿ, ಕೆಳಗೇನಿದೆ ಅಂತ ದೋಣೀನ ಕೇಳಿ" ಎನ್ನುತ್ತಿದ್ದ.

ಕಳೆದ ಮಳೆಗಾಲದ ಶುರುವಿನಲ್ಲಿ ಅಲ್ಲಿನ ಮೀನುಗಾರ ಪುಟ್ಟಯ್ಯನ ದೋಣಿ ನೀರೊಳಗಿನ ಮರದ ಬೊಡ್ಡೆಗೆ ಬಡಿದು ತಳ ಸೀಳಿತು. ಮೂರು ವರ್ಷದ ಹಿಂದೆ ಷಡಕ್ಷರಪ್ಪನೇ ಎಪಾಕ್ಸಿ ಎಂಬ ರೆಸಿನ್ ಹಾಕಿ ರಿಪೇರಿ ಮಾಡಿದ್ದ ಜಾಗವೇ ಅದು. ಎಪಾಕ್ಸಿಯ ಮೇಲೆ ಮತ್ತೆ ಎಪಾಕ್ಸಿಯೇ ಹಿಡಿಯಬೇಕು; ಪಾಲಿಯೆಸ್ಟರ್ ರೆಸಿನ್ ಅದರ ಮೇಲೆ ಕೂತಂತೆ ಕಾಣುತ್ತದೆ, ಕಚ್ಚುವುದಿಲ್ಲ. ಶಿವಮೊಗ್ಗದ ಅಂಗಡಿಯಲ್ಲಿ ಎಪಾಕ್ಸಿ ಮುಗಿದಿತ್ತು.

"ಬೆಂಗಳೂರಿಂದ ಬರೋಕೆ ಒಂದು ವಾರ. ಪಾಲಿಯೆಸ್ಟರ್ ಇದೆ, ತಗೊಂಡು ಹೋಗು ಮಾರಾಯ. ಎಲ್ಲಾರೂ ಅದನ್ನೇ ಹಾಕ್ತಾರೆ" ಎಂದ ಅಂಗಡಿಯ ಮಲ್ಲಿಕ್.

ಪುಟ್ಟಯ್ಯ ಪಕ್ಕದಲ್ಲೇ ನಿಂತಿದ್ದ. "ಹೊಸ ನೀರು ಬಂದಿದೆ ಷಡಕ್ಷರಣ್ಣ. ಮೀನು ಏರೋದು ಈಗಲೇ. ಒಂದು ವಾರ ದಡದಲ್ಲಿ ಕೂತು ಏನು ಮಾಡ್ಲಿ?"

ಪಾಲಿಯೆಸ್ಟರ್ ಹಾಕಲೂ ದಾರಿಯಿತ್ತು. ಹಳೆಯ ಎಪಾಕ್ಸಿಯನ್ನು ಪೂರ್ತಿ ಉಜ್ಜಿ ತೆಗೆದು, ದೋಣಿಯ ಮೂಲ ಫೈಬರ್ ಕಾಣುವಂತೆ ಮಾಡಬೇಕು. ಷಡಕ್ಷರಪ್ಪ ಗ್ರೈಂಡರ್ ಹಿಡಿದು ಕೂತ. ಮುಕ್ಕಾಲು ಭಾಗ ಆಗುವಷ್ಟರಲ್ಲಿ ಕರೆಂಟು ಹೋಯಿತು. ಮರಳುಕಾಗದದಲ್ಲಿ ತಿಕ್ಕಿದ. ತೋಳು ಸೋತಿತು, ಚರ್ಮಕ್ಕೆ ಹೊಕ್ಕ ಗಾಜಿನ ಪುಡಿ ಉರಿಯುತ್ತಿತ್ತು. ಒಂದು ಅಂಚಿನಲ್ಲಿ ಅಂಗೈಯಗಲದ ಹಳೆಯ ಪದರ ಉಳಿಯಿತು. ಇಷ್ಟು ಉಳಿದರೇನು, ಮಿಕ್ಕ ಕಡೆ ಹಿಡಿದಿರುತ್ತದೆ ಎಂದುಕೊಂಡ. ಮೂರು ಪದರ ಮ್ಯಾಟ್ ಹಾಸಿ ರೆಸಿನ್ ಕುಡಿಸಿದ. ಮಾರನೆಯ ದಿನ ತಟ್ಟಿ ನೋಡಿದರೆ ಸದ್ದು ಗಟ್ಟಿಯಾಗಿಯೇ ಇತ್ತು.

ಹನ್ನೊಂದನೆಯ ದಿನ ನಡುನೀರಿನಲ್ಲಿ ದೋಣಿ ತುಂಬಿಕೊಂಡು ಮಗುಚಿತು. ಜೊತೆಗಿದ್ದ ಅಳಿಯ ಆನಂದ ಈಜಿ ದಡ ಸೇರಿದ. ಪುಟ್ಟಯ್ಯನ ಕಾಲಿಗೆ ಬಲೆ ಸುತ್ತಿಕೊಂಡಿತ್ತು. ಎರಡು ದಿನ ಬಿಟ್ಟು ಹೆಣ ಸಿಕ್ಕಿತು. ಗಾಳಿಗೆ ದೋಣಿ ಮಗುಚಿತೆಂದು ಪೊಲೀಸರು ಬರೆದುಕೊಂಡರು. ಯಾರೂ ಷಡಕ್ಷರಪ್ಪನ ಹೆಸರೆತ್ತಲಿಲ್ಲ.

ದೋಣಿಯನ್ನು ದಡಕ್ಕೆ ಎಳೆದು ಹಾಕಿದ್ದರು. ಅವನು ಹೋಗಿ ನೋಡಿದ. ತೇಪೆ ಅರ್ಧಕ್ಕರ್ಧ ಎದ್ದು ಜೋತುಬಿದ್ದಿತ್ತು. ಅದರ ಒಳಮೈಗೆ ಬೆರಳಾಡಿಸಿದ. ಉಜ್ಜಿದ್ದ ಕಡೆ ಕಚ್ಚಿ ಹಿಡಿದಿದ್ದ ಎಳೆಗಳು ಕಿತ್ತು ಒರಟಾಗಿದ್ದವು. ಆ ಒಂದು ಅಂಚಿನಲ್ಲಿ ಮಾತ್ರ ಕನ್ನಡಿಯಂಥ ನುಣುಪು. ಒಂದು ಎಳೆಯೂ ಹರಿದಿರಲಿಲ್ಲ. ನೀರು ಅಲ್ಲಿಂದಲೇ ನುಗ್ಗಿ ಉಳಿದದ್ದನ್ನು ಎಬ್ಬಿಸಿತ್ತು. ಬೇರೆಯವರ ಕಣ್ಣಿಗೆ ಅದು ಒಡೆದ ದೋಣಿ. ಅವನಿಗೆ ತಾನು ಉಜ್ಜದೆ ಬಿಟ್ಟ ಅಂಗೈಯಗಲದ ಜಾಗ.

ಹದಿಮೂರು ದಿನ ಕಳೆದ ಮೇಲೆ ಆನಂದನನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದ.

"ಬಿಡಿ ಅಣ್ಣ, ಮಾವನ ಆಯಸ್ಸು ಅಷ್ಟೇ" ಎಂದ ಆನಂದ.

"ಆಯಸ್ಸಲ್ಲ ಆನಂದ. ಅಂಟಲ್ಲ ಅಂತ ಗೊತ್ತಿದ್ದೂ ಅಂಟಿಸಿದೆ."

"ಹೇಳಿ ನೀವು ಹಗುರ ಮಾಡ್ಕೊಂಡ್ರಿ. ಈಗ ನಾನೇನು ಮಾಡ್ಲಿ? ಅತ್ತೆಗೆ ಹೇಳ್ಲಾ? ದಿನಾ ಅವರ ಕೈಲಿ ಊಟ ಮಾಡ್ತಾ ಇದನ್ನ ಹೊಟ್ಟೇಲಿ ಇಟ್ಕೊಳ್ಲಾ?" ಎಂದು ಆನಂದ ಎದ್ದು ಹೋದ.

ಷಡಕ್ಷರಪ್ಪ ಹಗುರವಾಗಿರಲಿಲ್ಲ. ಹೊರೆ ಇಳಿಯುವ ಬದಲು ಎರಡಾಗಿತ್ತು.

ತಿಂಗಳು ಕಳೆದು ಪುಟ್ಟಯ್ಯನ ಹೆಂಡತಿ ಚೌಡಮ್ಮ ಬಸ್ಸು ಹತ್ತಿ ಕಾಗದನಗರಕ್ಕೇ ಬಂದಳು. ಷಡಕ್ಷರಪ್ಪನ ಹೆಂಡತಿ ದಾಕ್ಷಾಯಣಿ ಕೊಟ್ಟ ಕಾಫಿಯನ್ನು ಕೈಯಲ್ಲೇ ಹಿಡಿದು ಕೂತಳು.

"ಆನಂದ ನೀರಿಗೆ ಇಳಿಯಲ್ಲ ಅಂತಾನೆ. ದೋಣಿ ನೆಟ್ಟಗಾದ್ರೆ ಇಳಿದಾನು. ನೀವೇ ಮಾಡ್ಕೊಡಿ ಅಣ್ಣಾ. ಬೇರೆಯೋರು ಮುಟ್ಟೋದು ಬೇಡ. ನಿಮ್ಮ ಕೈ ಅಂದ್ರೆ ನಮ್ಮನೆಯೋರಿಗೆ ಅಷ್ಟು ನಂಬಿಕೆ ಇತ್ತು."

ನಿಜ ಹೇಳಿಬಿಡಬೇಕೆಂದುಕೊಂಡ. ಆನಂದ ಕೇಳಿದ್ದು ನೆನಪಾಯಿತು. "ನನ್ನ ಕೈಲಿ ಆಗಲ್ಲಮ್ಮ" ಎಂದನಷ್ಟೆ.

"ಸತ್ತೋರ ದೋಣಿ ಅಂತ ಮುಟ್ಟಲ್ವಾ?"

ಅವಳು ಕಾಫಿಯನ್ನು ಕುಡಿಯದೆ ನೆಲದ ಮೇಲಿಟ್ಟು ಹೊರಟಳು. ಅದಾದ ಮೇಲೆ ಸಂತೆಯಲ್ಲಿ ಎದುರು ಸಿಕ್ಕರೂ ಅವಳು ಮುಖ ಎತ್ತುವುದಿಲ್ಲ.

ಈಗ ಷಡಕ್ಷರಪ್ಪ ಶಿವಮೊಗ್ಗದ ಗೋಪಾಳದಲ್ಲಿ ಒಂದು ಅಪಾರ್ಟ್‌ಮೆಂಟಿನ ಗೇಟು ಕಾಯುತ್ತಾನೆ. ಮೊನ್ನೆ ಅಲ್ಲಿನವರೊಬ್ಬರು, ಮಹಡಿಯ ಮೇಲಿನ ನೀರಿನ ಟ್ಯಾಂಕು ಸೋರುತ್ತಿದೆ, ನಿನಗೆ ಫೈಬರ್ ಕೆಲಸ ಬರುತ್ತದಂತಲ್ಲ ಎಂದು ಕೇಳಿದರು. ಬರಲ್ಲ ಸಾರ್ ಎಂದ.