ತ್ಯಾಗಲಿಯ ಚೌಡಮ್ಮನಿಗೆ ಗೊತ್ತಿದ್ದದ್ದು

ಸಿದ್ದಾಪುರ ಕೋರ್ಟಿನ ಜಗಲಿಯಲ್ಲಿ ವಕೀಲ ದಿನಕರ ಹೆಗಡೆಯವರು ತಮ್ಮ ಕಕ್ಷಿದಾರಳ ಕಿವಿಯ ಹತ್ತಿರ ಬಗ್ಗಿ, ಇಪ್ಪತ್ತೆರಡು ವರ್ಷದ ಅನುಭವವನ್ನೆಲ್ಲ ಮೂರು ಮಾತಿಗೆ ಇಳಿಸಿ ಹೇಳಿದರು: “ಗಂಡ ಹೇಳಿದ್ದು ಎಂತದೂ ಗೊತ್ತಿಲ್ಲ ಅನ್ನು. ಕತ್ತಿ ಮಸೆದ ಸುದ್ದಿ ಎತ್ತಬೇಡ. ಅಳು ಬಂದರೆ ತಡೆಯಬೇಡ.”

ಹೆಂಗಸು ಸೆರಗು ಸರಿಸಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. “ನಾ ಎಂತಕ್ಕೆ ಅಳಲಿ? ಹೊಡೆಸಿಕೊಂಡವರು ನಮ್ಮನೆಯವರು. ನಿಮ್ಮ ಚೌಡಮ್ಮ ಅಲ್ಲಿ, ಕಂಬದ ಬುಡದಲ್ಲಿ ಕೂತಿದಾಳೆ.”

ಅವಳು ಸೀತಮ್ಮ, ಎದುರು ಪಕ್ಷದ ಮುಖ್ಯ ಸಾಕ್ಷಿ. ದಿನಕರರ ಕನ್ನಡಕ ಕಿಸೆಯಲ್ಲಿತ್ತು. ನಲವತ್ತೆಂಟಾದರೂ ತನಗೆ ಕಣ್ಣು ಚೆನ್ನಾಗಿ ಕಾಣುತ್ತದೆಂಬ ಜಂಬ ಮಾತ್ರ ಮೂಗಿನ ಮೇಲಿತ್ತು. ಮುಚ್ಚಿಡಬೇಕಾದ ಗುಟ್ಟನ್ನು ಎದುರಾಳಿಯ ಮನೆ ಬಾಗಿಲಿಗೇ ಮುಟ್ಟಿಸಿ ಬಂದಂತಾಗಿತ್ತು. ಕಂಬದ ಬುಡದಲ್ಲಿದ್ದ ಚೌಡಮ್ಮ ಎಲೆಗೆ ಸುಣ್ಣ ಹಚ್ಚುತ್ತ ಎಲ್ಲ ನೋಡಿದ್ದಳು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಅಂತ ದಿನಕರರಿಗೆ ಅನ್ನಿಸಿತು.

ತ್ಯಾಗಲಿಯ ಕಡೆ ಚೌಡಮ್ಮನೆಂದರೆ ಕತ್ತಿ, ಕತ್ತಿಯೆಂದರೆ ಚೌಡಮ್ಮ. ಸೊಪ್ಪು ಕಡಿಯಲು ಹೋಗುವವರು, ಗದ್ದೆ ಅಂಚಿನ ಗಿಡ ಸವರುವವರು, ಹಬ್ಬಕ್ಕೆ ಕೋಳಿ ಕೊಯ್ಯುವವರು ಎಲ್ಲರೂ ಅವಳ ಅಂಗಳಕ್ಕೇ ಬರಬೇಕು. ಕೂಲಿ ಕೇಳುವವಳಲ್ಲ, ಎಲೆ-ಅಡಿಕೆಯ ಒಂದು ಕವಳ ಕೊಟ್ಟರೆ ಆಯಿತು. ಮಸೆದ ಮೇಲೆ ಕತ್ತಿಯ ಬಾಯಿಗೆ ಹೆಬ್ಬೆರಳು ತಾಗಿಸಿ, “ಹೂಂ, ಇನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡು” ಅನ್ನುವಳು. ಅದೇ ಅವಳ ಗ್ಯಾರಂಟಿ ಚೀಟಿ.

ಈ ಪ್ರಕರಣ ಹುಟ್ಟಿದ್ದು ತೊಂಬತ್ತೆಂಟರ ಬೇಸಿಗೆಯ ಕೆರೆಬೇಟೆಯಲ್ಲಿ. ನೀರಿಳಿದ ಕೆರೆಗೆ ಊರಿಗೆ ಊರೇ ಬಿದಿರಿನ ಕೂಣಿ ಹಿಡಿದು ಇಳಿದು, ಮೀನಿನ ಮೇಲೆ ಅದನ್ನು ಕವುಚಿ ಹಿಡಿಯುವ ಬೇಟೆ ಅದು. ಒಂದು ದೊಡ್ಡ ಮೀನು ತನ್ನ ಕೂಣಿಯೊಳಗಿತ್ತು ಎಂದ ಚೌಡಮ್ಮನ ಗಂಡ ಕೆರಿಯ. ತನ್ನದರಲ್ಲಿತ್ತು ಎಂದ ಪಕ್ಕದ ಮನೆಯ ಹುಚ್ಚ, ಹೆಸರಷ್ಟೇ ಹುಚ್ಚ. ಅಷ್ಟಕ್ಕೇ ಮುಗಿಯುತ್ತಿತ್ತು, ಆದರೆ ಹುಚ್ಚ ಮೀನು ಎತ್ತಿ ಹಿಡಿದು, “ಕೆರಿಯಣ್ಣಾ, ನಿನ್ನ ಕೂಣಿಯಲ್ಲಿ ಹೆಂಡತಿಯನ್ನ ಕೂರಿಸು, ಅವಳಾದರೂ ಹಿಡಿದಾಳು” ಎಂದುಬಿಟ್ಟ. ಕೆರೆ ತುಂಬ ನಗೆ ಎದ್ದಿತು. ಮುಂದಿನ ವಾರ ಒಂದು ಬೆಳಿಗ್ಗೆ, ಗದ್ದೆಗೆ ಹೊರಟಿದ್ದ ಹುಚ್ಚನ ಹೆಗಲಿಗೆ ಕೆರಿಯ ಕತ್ತಿ ಬೀಸಿದ. ಕತ್ತಿಯನ್ನು ಹೊಳೆಗೆ ಎಸೆದ. ಅದು ಸಿಗಲೇ ಇಲ್ಲ. ಹುಚ್ಚ ಬದುಕಿದ, ಎಡಗೈ ಮಾತ್ರ ಹೆಗಲಿನಿಂದ ಮೇಲೆ ಏಳಲಿಲ್ಲ.

ಹಿಂದಿನ ಸಂಜೆ ಚೌಡಮ್ಮನ ಅಂಗಳದಲ್ಲಿ ಕಲ್ಲಿಗೆ ಕತ್ತಿ ಉಜ್ಜುವ ಶಬ್ದ ಕೇಳಿತ್ತು ಎಂದು ಹುಚ್ಚನ ಹೆಂಡತಿ ಸೀತಮ್ಮ ಪೊಲೀಸರ ಮುಂದೆ ಹೇಳಿದಳು. ಅಲ್ಲಿಗೆ ಚೌಡಮ್ಮ ಎರಡನೇ ಆರೋಪಿ: ಸಂಚು ಗೊತ್ತಿದ್ದೂ ಮುಚ್ಚಿಟ್ಟಳು, ಕತ್ತಿ ಮಸೆದು ಕೊಟ್ಟಳು. ರುಜುವಾತಾದರೆ ಗಂಡನ ಜೊತೆ ಜೈಲು.

ಜಗಲಿಯ ಎಡವಟ್ಟಾದ ಮೇಲೆ ದಿನಕರರು ಚೌಡಮ್ಮನನ್ನು ತಮ್ಮ ಆಫೀಸಿಗೆ ಕರೆಸಿದರು. ಕನ್ನಡಕ ಹಾಕಿಕೊಂಡೇ ಕೇಳಿದರು: “ಈಗ ನಿಜ ಹೇಳು. ನಿಂಗೆ ಗೊತ್ತಿತ್ತಾ?”

“ಅವರೇ ಹೇಳಿದ್ರಲ್ಲ. ‘ನಾಳೆ ಹುಚ್ಚನ ಕೈ ಇಳಿಸ್ತೆ, ಕತ್ತಿ ಮಸೆದಿಡು’ ಅಂದ್ರು.”

“ಮಸೆದೆಯಾ?”

“ಇಲ್ಲ ಹೆಗಡೇರೇ. ಬಟ್ಟೆ ಒಗೆಯೋ ಕಲ್ಲಿಗೆ ಕತ್ತಿಯ ಬಾಯಿ ಅಡ್ಡ ಹಿಡಿದು ತಿಕ್ಕಿದೆ. ಬಾಳೆದಿಂಡೂ ಕೊಯ್ಯದ ಹಾಗೆ ಮಾಡಿಟ್ಟೆ.”

ದಿನಕರರ ಪೆನ್ನು ನಿಂತಿತು. ಗಾಯ ಕೊಯ್ದದ್ದಲ್ಲ, ಜಜ್ಜಿದ್ದು ಎಂದು ಡಾಕ್ಟರು ಬರೆದದ್ದು ಯಾಕೆಂದು ಅವರಿಗೆ ಈಗ ತಿಳಿಯಿತು.

“ಕತ್ತಿಯನ್ನೇ ಅಡಗಿಸಬಹುದಿತ್ತಲ್ಲ?”

“ಬೇರೆಯವರದ್ದು ತರ್ತಿದ್ರು. ಊರಲ್ಲಿರೋದೆಲ್ಲ ನಾ ಮಸೆದದ್ದೇ.”

“ಹುಚ್ಚನಿಗಾದರೂ ಹೇಳಬಹುದಿತ್ತು.”

“ಅವನೂ ಕತ್ತಿ ಹಿಡಿದು ಬರ್ತಿದ್ದ. ಅದೂ ನಾ ಮಸೆದದ್ದೇ.”

ಈಗ ದಿನಕರರು ಸಿಕ್ಕಿಬಿದ್ದರು. ಮೊಂಡು ಮಾಡಿದೆ ಅಂದರೆ ಸಂಚು ಗೊತ್ತಿತ್ತು ಎಂದು ಒಪ್ಪಿದಂತೆ. ಗೊತ್ತಿರಲಿಲ್ಲ ಅಂದರೆ ಸೀತಮ್ಮ ಕೇಳಿದ ಶಬ್ದ ಮಸೆದದ್ದೇ ಆಗಿ ಉಳಿಯುತ್ತದೆ. ಗಂಡ ಹೆಂಡತಿಗೆ ಹೇಳಿದ ಮಾತನ್ನು ಕೋರ್ಟಿನಲ್ಲಿ ಬಾಯಿ ಬಿಡಿಸುವ ಹಾಗಿಲ್ಲ ಎಂಬ ಕಾನೂನೊಂದು ಇತ್ತು, ಅದನ್ನೇ ಹಿಡಿದುಕೊಂಡರು. “ನೀ ಸುಮ್ಮನಿರು ಚೌಡಮ್ಮಾ. ಆರೋಪಿ ಉತ್ತರ ಕೊಡಲೇಬೇಕು ಅಂತ ಇಲ್ಲ. ಕೇಳಿದ್ದಕ್ಕೆಲ್ಲ ತಲೆ ಆಡಿಸಿದರೆ ಸಾಕು, ಅಡ್ಡಡ್ಡ.”

ಅಂದು ಊಟಕ್ಕೆ ಕೂತಾಗ, ಕೇಸಿನ ಸುದ್ದಿ ಕೇಳಿದ ಹೆಂಡತಿ ದೇವಕಿ, ‘ನಾನು’ ಎನ್ನುವುದಕ್ಕೆ ‘ಆನು’ ಎನ್ನುವ ಮನೆಯ ಹವ್ಯಕ ಮಾತಿನಲ್ಲಿ ಕೇಳಿದಳು, “ನಿಂಗ ಯಾರಿಗಾದ್ರೂ ಹೊಡೆಯಲೆ ಹೊಂಟ್ರೆ ಆನು ಎಲ್ಲಿಗೆ ಹೋಗಿ ಹೇಳವು?”

“ಆಸ್ಪತ್ರೆಗೆ ಹೇಳು, ಸಾಕು. ಆನು ಹೋದ್ರೆ ಪೆಟ್ಟು ತಿಂಬದು ಆನೇ.”

ದೇವಕಿ ನಕ್ಕಳು. ದಿನಕರರು ಅರ್ಧ ಊಟಕ್ಕೇ ಎದ್ದು ಕೈ ತೊಳೆದರು. ಒಂದೇ ಮನೆಯಲ್ಲಿ ಇದ್ದೂ ಗೊತ್ತಿಲ್ಲ ಅನ್ನಬೇಕು ಎಂದು ಹೇಳಿಕೊಡುವುದು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಅವರಿಗೆ ಸರಿ ಕಾಣಲಿಲ್ಲ.

ವಿಚಾರಣೆಯ ದಿನ ಸೀತಮ್ಮ ಕಟಕಟೆ ಹತ್ತಿದಳು. ಜಗಲಿಯ ಪಾಠ ಈಗ ಹೊರಬೀಳುತ್ತದೆ ಎಂದು ದಿನಕರರು ಕೋಟಿನ ಗುಂಡಿ ಹಿಡಿದು ಕೂತರು. ಅವಳು ಆ ವಿಷಯ ಎತ್ತಲೇ ಇಲ್ಲ. ಕತ್ತಿ ಮಸೆಯುವ ಶಬ್ದ ಕೇಳಿದ್ದು ನಿಜವೇ ಎಂದು ಸರಕಾರಿ ವಕೀಲರು ಕೇಳಿದಾಗ, “ಮಸೆಯೋದು ಅಂತ ಪೊಲೀಸರು ಬರೆದುಕೊಂಡ್ರು,” ಎಂದಳು. “ಚೌಡಮ್ಮ ಮಸೆಯೋದು ಹದಿನೈದು ವರ್ಷದಿಂದ ಕೇಳ್ತಾ ಇದೀನಿ. ಅದು ಹೀಗೆ, ಹಗೂರ. ಅವತ್ತಿನದು ಹಾಳು ಶಬ್ದ. ಹಲ್ಲು ಜುಮ್ ಅನ್ನೋ ಹಾಗಿತ್ತು. ಎಂತಕ್ಕೆ ಕತ್ತಿ ಕೆಡಿಸ್ತಾಳೆ ಅಂದುಕೊಂಡೆ.”

ಕೈ ಏಳದ ಗಂಡನನ್ನು ಮನೆಯಲ್ಲಿಟ್ಟುಕೊಂಡು ಬಂದವಳು ಇಷ್ಟು ಹೇಳಿ ಇಳಿದು ಹೋದಳು. ದಿನಕರರು ತಲೆ ಎತ್ತಿ ಅವಳ ಮುಖ ನೋಡಲಿಲ್ಲ.

ಕಡೆಗೆ ನ್ಯಾಯಾಧೀಶರು ಚೌಡಮ್ಮನನ್ನೇ ಕೇಳಿದರು. “ನಿನ್ನ ಗಂಡ ಹೀಗೆ ಮಾಡುತ್ತಾನೆಂದು ನಿನಗೆ ಮೊದಲೇ ಗೊತ್ತಿತ್ತೇ?”

ದಿನಕರರು ಕೂತಲ್ಲಿಂದಲೇ ಅಡ್ಡಡ್ಡ ತಲೆ ಆಡಿಸಿದರು. ಸಾಕಾಗದೆಂದು ಇನ್ನೂ ಜೋರಾಗಿ ಆಡಿಸಿದರು. ಚೌಡಮ್ಮ ಅವರನ್ನು ಕನಿಕರದಿಂದ ನೋಡಿದಳು.

“ಗೊತ್ತಿತ್ತು.”

ಪಕ್ಕದಲ್ಲಿ ನಿಂತಿದ್ದ ಕೆರಿಯ ಹೆಂಡತಿಯ ಕಡೆ ನಿಧಾನಕ್ಕೆ ತಿರುಗಿದ. ತನ್ನ ಕತ್ತಿ ಯಾಕೆ ಕೈಕೊಟ್ಟಿತು ಎಂಬುದು ಅವನಿಗೆ ಆಗ ಹೊಳೆಯಿತೆಂದು ಕಾಣುತ್ತದೆ. ಅವಳು ತಿರುಗಿ ನೋಡಲಿಲ್ಲ.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. “ಗೊತ್ತಿದ್ದರೆ ಪೊಲೀಸರಿಗೆ ಯಾಕೆ ತಿಳಿಸಲಿಲ್ಲ?”

“ಸಿದ್ದಾಪುರದ ಬಸ್ಸು ಹೋಗಿಯಾಗಿತ್ತು ಸ್ವಾಮಿ,” ಎಂದಳು ಚೌಡಮ್ಮ. “ಒಗೆಯೋ ಕಲ್ಲು ಅಂಗಳದಲ್ಲೇ ಇತ್ತು.”