ಎಂಟಕ್ಕೆ ಮುಚ್ಚುವ ಗೇಟು

ಕಳೆದ ಮಾರ್ಚ್‌ನ ಒಂದು ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ನೈರೋಬಿಯ ಸೌತ್ ಬಿ ಬಡಾವಣೆಯ ನಮ್ಮ ಸಮುದಾಯ ಕಾಲೇಜಿನ ಲ್ಯಾಬ್‌ನಲ್ಲಿ ಪ್ರಿನ್ಸಿಪಾಲ್ ಒಧಿಯಾಂಬೊ, ಬಾಹ್ಯ ಪರೀಕ್ಷಕರಾಗಿ ಬಂದಿದ್ದ ಔಷಧ ಕಾರ್ಖಾನೆಯ ಮ್ಯಾನೇಜರ್ ಪ್ರಸಾದ್ ಮತ್ತು ನಾನು ಇದ್ದೆವು. ಕ್ವಾಲಿಟಿ ಕಂಟ್ರೋಲ್ ಕೆಲಸದಿಂದ ನಿವೃತ್ತನಾದ ಮೇಲೆ, ಕಾರ್ಖಾನೆಗಳ ಕಾರ್ಮಿಕರಿಗಾಗಿ ಇಲ್ಲಿ ನಡೆಸುವ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಹೊಣೆ ನನ್ನದು.

ಎಂಟಕ್ಕೆ ಗೇಟು ಮುಚ್ಚಬೇಕೆಂಬುದು ನಿಯಮ. ನನ್ನ ವಿದ್ಯಾರ್ಥಿನಿ ಮರ್ಸಿ ಬಂದಾಗ ಎಂಟೂ ಕಾಲು ದಾಟಿತ್ತು. ಪ್ರಸಾದರ ಕಾರ್ಖಾನೆಯಲ್ಲೇ ಪ್ಯಾಕಿಂಗ್ ವಿಭಾಗದ ರಾತ್ರಿ ಪಾಳಿ ಅವಳದು. ಅಂದಿನ ಪ್ರಾಕ್ಟಿಕಲ್ ಪರೀಕ್ಷೆ ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಅಷ್ಟರಲ್ಲಿ ಆ ಕಾರ್ಖಾನೆಯ ಲ್ಯಾಬ್‌ನಲ್ಲಿ ಖಾಲಿಯಿದ್ದ ಕೆಲಸ ಬೇರೆಯವರ ಪಾಲಾಗುತ್ತಿತ್ತು. ಗಾರ್ಡ್ ತಡೆದಿದ್ದ. ನಾನೇ ಹೋಗಿ ಕರೆತಂದೆ.

"ಬಿಡಬೇಡಿ ಸಾರ್," ಪ್ರಸಾದ್ ಅವಳೆದುರೇ ಕನ್ನಡದಲ್ಲಿ ಶುರು ಮಾಡಿದರು. "ಇವ್ರಿಗೆಲ್ಲ ಟೈಮ್ ಸೆನ್ಸೇ ಇಲ್ಲ. ಇವತ್ತು ಬಿಟ್ರೆ ನಾಳೆ ಊಟ ಮುಗಿಸ್ಕೊಂಡು ಬರ್ತಾಳೆ."

ಎದುರಿಗಿದ್ದವರಿಗೆ ತಿಳಿಯದೆಂಬ ಧೈರ್ಯದಲ್ಲಿ ಬಾಯಿಗೆ ಬಂದದ್ದು ಆಡುವ ನಮ್ಮವರ ಈ ಚಾಳಿ ಕಂಡರೆ ನನಗೆ ಮೈ ಉರಿಯುತ್ತದೆ.

ತಡವೇಕೆಂದು ಮರ್ಸಿಯನ್ನು ಇಂಗ್ಲಿಷಿನಲ್ಲಿ ಕೇಳಿದೆ. ಪಾಳಿ ಆರಕ್ಕೇ ಮುಗಿದಿತ್ತು. ಮಾತ್ರೆ ಕದ್ದಿಲ್ಲವೆಂದು ಖಾತ್ರಿಪಡಿಸಿಕೊಳ್ಳಲು ಪ್ರತಿಯೊಬ್ಬ ಹೆಂಗಸಿನ ಚೀಲ, ಮೈ ತಡವಿ ನೋಡಿ ಹೊರಬಿಡುತ್ತಾರೆ. ಅವಳ ಸರದಿ ಬರುವಷ್ಟರಲ್ಲಿ ಏಳೂವರೆ. ಆಮೇಲೆ ಮಟಾಟು ವ್ಯಾನು ಹಿಡಿದರೆ ದಾರಿಯುದ್ದಕ್ಕೂ ಟ್ರಾಫಿಕ್.

"ಹೆಂಗಸರ ತಪಾಸಣೆಗೆ ಎಷ್ಟು ಜನ ಇಟ್ಟಿದ್ದೀರಿ, ಪ್ರಸಾದ್?" ಇಂಗ್ಲಿಷಿನಲ್ಲೇ ಕೇಳಿದೆ.

"ಒಬ್ಳು ಇದಾಳಲ್ಲ ಸಾರ್, ಸಾಕು."

"ಇಂಗ್ಲಿಷಿನಲ್ಲಿ ಹೇಳಿ. ಅವಳೂ ಕೇಳಲಿ."

ಗೊಣಗುತ್ತ ಹೇಳಿದರು.

"ಮ್ಯಾನೇಜರ್‌ಗಳ ಕಾರು ತಪಾಸಣೆಗೆ ಒಬ್ಬರೂ ಇಲ್ಲ, ಸರ್," ಎಂದಳು ಮರ್ಸಿ.

ಒಧಿಯಾಂಬೊ ನಗು ತಡೆಯಲು ಕೆಮ್ಮಿದರು. ನನಗೆ ನಗು ಬರಲಿಲ್ಲ. "ತಡ ಮಾಡಿಸುವವರು ನೀವು, ಶಿಸ್ತಿನ ಪಾಠ ಹೇಳುವವರೂ ನೀವೇ. ನಾಚಿಕೆಯಾಗಬೇಕು!" ಎಂದೆ. ನನ್ನ ದನಿ ಕಾರಿಡಾರಿನವರೆಗೂ ಕೇಳಿಸಿರಬೇಕು.

ಒಧಿಯಾಂಬೊ ಗೋಡೆಯಿಂದ ಏಪ್ರನ್ ತೆಗೆದು ಮರ್ಸಿಗೆ ಕೊಟ್ಟರು. "ಕರೀಬು. ಒಳಗೆ ಬಾ, ಶುರು ಮಾಡು."

ಕೊಟ್ಟ ಆಮ್ಲದ ಸಾಂದ್ರತೆಯನ್ನು ಅಳೆಯುವ ಟೈಟ್ರೇಷನ್ ಅವಳ ಪಾಲಿಗೆ ಬಂದಿತ್ತು. ಇಡೀ ರಾತ್ರಿ ನಿಂತೇ ದುಡಿದು ಬಂದಿದ್ದಳು. ಒಮ್ಮೆ ಚೆಲ್ಲಿ, ಮತ್ತೆ ಮೊದಲಿಂದ ಮಾಡಿದಳು. ಉತ್ತರ ಸರಿಯಿತ್ತು. ಪ್ರಸಾದ್ ತಾವೇ ಲೆಕ್ಕ ಹಾಕಿ ನೋಡಿ, ಅಂಕ ಕೊಟ್ಟು ಎದ್ದು ಹೋದರು.

ನಾನು ಗಡಿಯಾರಕ್ಕೆ ಕಟ್ಟುಬಿದ್ದು ಬದುಕಿದವನು, ಇಂದಿಗೂ ಹಾಗೆಯೇ. ಆದರೆ ದುಡಿಯುವವರಿಗೆಂದೇ ಕಾಲೇಜು ತೆರೆದ ಮೇಲೆ, ಅವರನ್ನು ಹೊರಬಿಡುವ ಗೇಟಿನ ಹೊತ್ತು ತಿಳಿಯದೆ ನಮ್ಮ ಗೇಟಿನ ಹೊತ್ತು ಗೊತ್ತುಮಾಡುವುದು ಅನ್ಯಾಯ. ಆ ಮಧ್ಯಾಹ್ನವೇ ರಾತ್ರಿ ಪಾಳಿಯವರ ಪ್ರಾಕ್ಟಿಕಲ್‌ಗಳನ್ನೆಲ್ಲ ಹತ್ತು ಗಂಟೆಗೆ ಬದಲಿಸಿ, ಒಧಿಯಾಂಬೊ ಅವರ ಸಹಿ ಹಾಕಿಸಿದೆ. ಟೈಟ್ರೇಷನ್ನಿನ ಗಾಜಿನ ಕೊಳವೆಗಳಾದ ಬ್ಯೂರೆಟ್‌ಗಳನ್ನು ತೊಳೆದು ಸ್ಟ್ಯಾಂಡಿಗೆ ಏರಿಸಿ, ಲ್ಯಾಬ್‌ಗೆ ಬೀಗ ಹಾಕಿದೆ.